ಬಲಕ್ಕೇ ಎಳೆಯುವ ಕಾರು

ಮಾವನವರು ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ದೊಡ್ಡ ಮಗನ ಮನೆಗೆಂದು ಮಗಳ ಜೊತೆ ಹೋಗಿದ್ದವರು ಅಲ್ಲೇ ನಿದ್ದೆಯಲ್ಲಿ ಕಣ್ಣು ಮುಚ್ಚಿದ್ದರು. "ನೀವು ಬಂದು ಮುಖ ನೋಡೋವರೆಗೂ ಕಾಯ್ತಾರೆ ರೀ. ಮಧ್ಯಾಹ್ನದೊಳಗೆ ಬಂದ್ಬಿಡಿ," ಎಂದು ಹೆಂಡತಿ ಫೋನಿನಲ್ಲಿ ಅತ್ತಳು.

ಅಳಿಯನ ಕಣ್ಣೂ ಒದ್ದೆಯಾಯಿತು. ಆದರೂ ಕಾರಿನ ಬಾಗಿಲು ತೆರೆದಾಗ ಒಂದು ಪಾಪದ ಯೋಚನೆ ಇಣುಕಿತು: ಇವತ್ತಾದರೂ ಎಡಗಡೆ ಸೀಟಿನಿಂದ "ಹಾರ್ನ್ ಹೊಡೀರಿ, ಗೇರ್ ಇಳಿಸಿ, ನಾಯಿ ನೋಡಿ" ಎನ್ನುವವರಿಲ್ಲ. ಛೆ, ಎಂದು ಕೆನ್ನೆ ಬಡಿದುಕೊಂಡು ಹೊರಟ.

ಕಾರು ಹುಲ್ಲು ಕಂಡ ಎಮ್ಮೆಯಂತೆ ಬಲಕ್ಕೇ ಎಳೆದು, ಎದುರುಮನೆ ಮೇಷ್ಟ್ರ ಗೇಟಿಗೆ ಮೂಗು ತಾಗಿಸಿ ನಿಂತಿತು.

ನಿವೃತ್ತ ಮೇಷ್ಟ್ರದು ಎರಡು ಕುರ್ಚಿ ಬೇಡುವ ಶರೀರ. "ಬಲಗಡೆ ಗಾಳಿ ಕಮ್ಮಿ ಕಣಯ್ಯ," ಎಂದು ಎಡಗಡೆ ಟೈರಿನಿಂದ ಸ್ವಲ್ಪ ಬಿಟ್ಟರು. ಹೆಚ್ಚಾಯಿತೆಂದು ಬಲಗಡೆಯದರಿಂದ ಸ್ವಲ್ಪ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ನ್ಯಾಯದಲ್ಲಿ ಎರಡೂ ಚಪ್ಪಟೆಯಾದವು. ಪಂಪು ಒತ್ತುವ ಭಾಗ್ಯ ಅಳಿಯನದು. ಆಮೇಲೆ ಪರೀಕ್ಷೆಗೆಂದು ಮೇಷ್ಟ್ರೇ ಎಡಗಡೆ ಕೂತರು. ಕಾರು ಗೆರೆ ಎಳೆದಂತೆ ನೇರ ಹೋಯಿತು!

"ನೋಡಿದ್ಯಾ?" ಎಂದು ಇಳಿದರು. ಇಳಿದದ್ದೇ ತಡ, ಕಾರು ಮತ್ತೆ ಬಲಕ್ಕೆ.

"ಗಾಳಿ ಗೀಳಿ ಅಲ್ಲ ಸ್ವಾಮಿ, ಬ್ರೇಕು ಹಿಡ್ಕೊಂಡಿದೆ," ಎಂದು ಪಕ್ಕದ ಮನೆಯ ವಕೀಲರು ಸುತ್ತಿಗೆ ತಂದು ಚಕ್ರಕ್ಕೆ ಬಾರಿಸಿದರು. "ಮೇಷ್ಟ್ರೇ, ನೀವೇ ಕೂತು ಸಾಕ್ಷಿ ಹೇಳಿ." ಮೇಷ್ಟ್ರು ಕೂತರು, ಕಾರು ನೇರ. ವಕೀಲರು ಕೇಸು ಗೆದ್ದಂತೆ ಬೀಗಿದರು. ಮೇಷ್ಟ್ರು ಇಳಿದರು, ಗೇಟಿಗೆ ಇನ್ನೊಂದು ತಗ್ಗು ಬಿತ್ತು.

ಬಿಸಿಲೇರಿತು. ಮತ್ತೆ ಹೆಂಡತಿಯ ಫೋನು: "ಎಲ್ಲಿದ್ದೀರಿ? ಎಲ್ಲರೂ ನಿಮ್ಮ ದಾರೀನೇ ನೋಡ್ತಿದಾರೆ!"

"ಇನ್ನೂ ಮೇಷ್ಟ್ರ ಗೇಟಲ್ಲೇ ಇದೀನಿ ಕಣೇ."

ಸ್ಟೀರಿಂಗಿಗೆ ಹಣೆ ಒತ್ತಿ ಕೂತವನ ಕಣ್ಣು ಖಾಲಿ ಸೀಟಿನ ಮೇಲೆ ಬಿತ್ತು. ನಡುವೆ ಬಾಣಲೆಯಂಥ ತಗ್ಗು. ಆಗ ಹೊಳೆಯಿತು. ಹೋದ ತಿಂಗಳು ಗ್ಯಾರೇಜಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸುವಾಗ ಮಾವನವರು ಇಳಿದೇ ಇರಲಿಲ್ಲ. "ನಾನಿಲ್ಲೇ ಕೂತು ನೋಡ್ತೀನಿ. ಇಲ್ದಿದ್ರೆ ಇವ್ರು ನೆಟ್ಟಗೆ ಮಾಡಲ್ಲ!" ಮೆಕ್ಯಾನಿಕ್ ಬೇಡಿ ಸೋತು, ಅವರ ಭಾರಕ್ಕೆ ಹೊಂದುವಂತೆಯೇ ಚಕ್ರ ಸರಿಮಾಡಿದ್ದ. ಅಂದಿನಿಂದ ಅವರಿಲ್ಲದೆ ಕಾರು ಮನೆ ಬಿಟ್ಟೇ ಇರಲಿಲ್ಲ. ಆ ಭಾರ ಈಗ ಇಲ್ಲ. ತನಗಿಂತ ಮೊದಲು ಅದು ಕಾರಿಗೆ ತಿಳಿದಿತ್ತು. ಅಳಿಯ ಈ ಸಲ ಬಿಕ್ಕಿ ಬಿಕ್ಕಿ ಅತ್ತ.

ಕಣ್ಣೊರೆಸಿಕೊಂಡು ಕೇಳಿದ, "ಯಾರ ಮನೇಲಾದ್ರೂ ಒಂದು ಮೂಟೆ ಮರಳು ಸಿಕ್ಕುತ್ತಾ?"

"ನಾನಿರೋವಾಗ ಮೂಟೆ ಯಾಕಯ್ಯಾ?" ಎಂದು ಮೇಷ್ಟ್ರು ಆ ತಗ್ಗಿನಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತರು. ಕಾರು ನೆಟ್ಟಗೆ ಹೊರಟಿತು.

ತಿರುವಿನಲ್ಲಿ ಅವರು ಗಂಟಲು ಸರಿಮಾಡಿಕೊಂಡರು. "ಹಾರ್ನ್ ಹೊಡಿ. ಗೇರ್ ಇಳಿಸು. ಅಯ್ಯೋ, ನಾಯಿ ನೋಡೋ!"

ಅಳಿಯ ಮನಸ್ಸಿನಲ್ಲೇ ಕೈಮುಗಿದ: ದೇವರೇ, ಮಾವನವರನ್ನು ನಿನ್ನ ಬಳಿಗೆ ಕರೆತರುವ ಸಾರಥಿಗೆ ತಾಳ್ಮೆ ಕೊಡು. ಅವರಿಗೆ ಎಡಗಡೆ ಸೀಟನ್ನೇ ಕೊಡು. ಆ ದೊಡ್ಡ ಜೀವ ನಿನ್ನಲ್ಲಿ ಶಾಂತವಾಗಿರಲಿ.