ಹಿಂದಿನದು, ಮುಂದಿನದು

ನಾಗೇಂದ್ರಪ್ಪ ಸಾಹುಕಾರರ ಲಾರಿಯ ಗೇರಿನೊಳಗೆ ಬೆಕ್ಕುಗಳು ಜಗಳಾಡಿದಂಥ ಸದ್ದು ಕೇಳಿಸಿದ್ದೇ ಗುಮಾಸ್ತ ವಾಸುದೇವರಾಯರ ಗ್ರಹಚಾರಕ್ಕೆ ಮೂಲವಾಯಿತು.

"ಎಣ್ಣಿ ಬದ್ಲಿ ಮಾಡಸ್ರಿ ರಾಯರ. ಮಧ್ಯಾಹ್ನ ಫರಸಿ ಕಲ್ಲು ಹೇರಕೊಂಡು ನಾನೇ ಸೇಡಂಗ ಹೋಗ್ತೀನಿ. ಲಾರಿ ಸುಸೂತ್ರ ಮುಟ್ಟಿದ್ರ ನಿಮ್ಮ ನೌಕರಿ ಪಕ್ಕಾ. ಇಲ್ಲಂದ್ರ..." ಸಾಹುಕಾರರು ಮಾತು ಮುಗಿಸಲಿಲ್ಲ. ಶಹಾಬಾದಿನಲ್ಲಿ ಅವರ ಅರ್ಧ ಮಾತೇ ಸಾಕಾಗುತ್ತಿತ್ತು.

ಎಂಥ ಎಣ್ಣೆ? ಊರಿಗೆ ಊರೇ ಸಲಹೆ ಕೊಟ್ಟಿತು.

"ಗಾಢಾ ಇರಬೇಕ್ರಿ, ಜೋನಿಬೆಲ್ಲದಂಗ," ಎಂದ ಡ್ರೈವರ್ ಬಂದೇಅಲಿ.

"ಔಡಲೆಣ್ಣಿ ಹಾಕ್ರಿ," ಎಂದ ಎತ್ತಿನ ಬಂಡಿಯ ಸೂಗಪ್ಪ. "ನನ್ನ ಬಂಡಿಗೂ ಅದೇ, ಹೊಟ್ಟಿಗೂ ಅದೇ. ಎರಡೂ ಭೇಷ್ ನಡದಾವ. ಮತ್ತ, ಲಾರಿದು ಹಳೆ ಎಣ್ಣಿ ನನಗ ಕೊಡ್ರಿ, ಕೀಲಿಗಿ ಆಗ್ತದ."

"ಆಗ್ಲಿ ಮಾರಾಯ, ತಗೋ," ಎಂದರು ರಾಯರು.

ರಾಯರು ಯಾರ ಮಾತನ್ನೂ ನಂಬದೆ ವಾಡಿ ಸ್ಟೇಷನ್ನಿನ ಅಂಗಡಿಗೆ ಹೋದರು. ಒಂದೊಂದು ಎಣ್ಣೆಯಲ್ಲೂ ಕಡ್ಡಿ ಅದ್ದಿ, ಎತ್ತಿ ಹಿಡಿದು, ಹನಿ ಬೀಳುವುದನ್ನು ವೈದ್ಯರು ನಾಡಿ ನೋಡಿದಂತೆ ನೋಡಿದರು. ಗೇರಿಗೆ ತುಸು ತೆಳುವಾದ ತೊಂಬತ್ತು ನಂಬರಿನದು, ಭಾರ ಹೊರುವ ಹಿಂದಿನ ಅಚ್ಚಿಗೆ ದಪ್ಪನೆಯ ನೂರಾ ನಲವತ್ತು. ಆಯ್ಕೆ ಸರಿಯಾಗಿತ್ತು. ಅದರಲ್ಲಿ ಅನುಮಾನವೇ ಇರಲಿಲ್ಲ.

ಮರಳಿ ಬರುವಷ್ಟರಲ್ಲಿ ಲಾರಿ ರಿಪೇರಿಯ ಮಿಸ್ತ್ರಿ ಹಳೆಯ ಎಣ್ಣೆಯನ್ನು ನೆಲಕ್ಕೇ ಹರಿಯಬಿಟ್ಟು ಊಟಕ್ಕೆ ಹೋಗಿದ್ದ. ಅದಲುಬದಲು ಆಗಬಾರದೆಂದು ರಾಯರು ಗೇರಿನ ಡಬ್ಬಿಯ ಮೇಲೆ 'ಮುಂದಿನದು', ಅಚ್ಚಿನ ಡಬ್ಬಿಯ ಮೇಲೆ 'ಹಿಂದಿನದು' ಎಂದು ಸುಣ್ಣದಲ್ಲಿ ದುಂಡಗೆ ಬರೆದು, ಎಣ್ಣೆಯ ಕೈ ತೊಳೆಯಲು ಮನೆಗೆ ಹೋದರು.

ಬಂದೇಅಲಿಗೆ ಉರ್ದು ಮಾತ್ರ ಓದಲು ಬರುತ್ತಿತ್ತು. "ಕ್ಯಾ ಲಿಖಾ ಹೈ, ಸೂಗಪ್ಪಾ?"

ಸೂಗಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಹಿಂ-ದಿ-ನ-ದು. ಅಂದ್ರ ಹಳೇದು, ನನ್ನ ಪಾಲಿಂದು! ಇದು ಮುಂದಿನದು, ಮುಂದಿನ ಸಲಕ್ಕ."

"ಹಂಗಾದ್ರ ಮಿಸ್ತ್ರಿ ಹೊಸಾದು ಹಾಕೇ ಹೋಗ್ಯಾನ," ಎಂದು ಬಂದೇಅಲಿ ಮುಂದಿನದನ್ನು ಗೋದಾಮಿನಲ್ಲಿಟ್ಟು ಬೀಗ ಹಾಕಿದ. ಹಿಂದಿನದು ಸೂಗಪ್ಪನ ಬಂಡಿ ಏರಿತು.

ರಾಯರು ತಿರುಗಿ ಬಂದಾಗ ಡಬ್ಬಿಗಳೂ ಇರಲಿಲ್ಲ, ಲಾರಿಯೂ ಇರಲಿಲ್ಲ. 'ಎಲ್ಲ ಲಾರಿಯ ಹೊಟ್ಟೆಗೆ ಸೇರಿತು' ಎಂದುಕೊಂಡು ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತರು.

ಸಂಜೆ ಯಾವ ಸದ್ದೂ ಇಲ್ಲದೆ ಸಾಹುಕಾರರು ಎದುರಿಗೆ ಬಂದು ನಿಂತರು. ಹಿಂದೆ ಸೂಗಪ್ಪನ ಬಂಡಿ.

"ಲಾರಿ ಭಂಕೂರ ದಾಟಲಿಲ್ಲ. ಒಣ ಗೇರು ಹಲ್ಲು ಕಡದು ಕುಂತದ."

ರಾಯರ ನಾಲಿಗೆಯೂ ಒಣಗಿತು. "ಸಾಹುಕಾರ್ರ, ಎಣ್ಣಿ ಮಾತ್ರ ನಾನು ಸರಿಯಾದದ್ದೇ..."

"ಗೊತ್ತದ. ಸೂಗಪ್ಪ ಎಲ್ಲಾ ಹೇಳ್ಯಾನ. ಇವನ ಬಂಡಿ ಹುಟ್ಟಿದಾಗಿಂದ ಅಳ್ತಿತ್ತು ನೋಡ್ರಿ, ಇವತ್ತ ಕಿರ್ ಅಂದಿಲ್ಲ! ಭಂಕೂರದಿಂದ ಇದರಾಗೇ ನಿದ್ದಿ ಮಾಡ್ಕೋತ ಬಂದೀನಿ. ಭಾಳ ಛಲೋ ಎಣ್ಣಿ ಆರಿಸೀರಿ. ನಿಮ್ಮ ನೌಕರಿ ಪಕ್ಕಾ."

ರಾಯರು ಕೈ ಮುಗಿದರು.

"ನಾಳಿಂದ ಲೆಕ್ಕದ ಕ್ವಾಣಿಗಿ ಬರಬ್ಯಾಡ್ರಿ. ನನ್ನ ಕಲ್ಲಿನ ಖಣಿಯ ಅಷ್ಟೂ ಬಂಡಿಗಳ ಕೀಲೆಣ್ಣಿ ನಿಮ್ಮ ಕೈಯಾಗ."

ಮುಗಿದ ಕೈಯೊಳಗೆ ಸೂಗಪ್ಪ ಮಸಿ ಹಿಡಿದ ಬಿದಿರಿನ ಎಣ್ಣೆಗೊಟ್ಟವನ್ನು ಇಟ್ಟ.

"ಚಿಂತಿ ಬಿಡ್ರಿ ರಾಯರ. ಬಂಡಿಗಿ ಇರೋದು ಒಂದೇ ಅಚ್ಚು. ಹಿಂದು-ಮುಂದು ಬರಿಯೋ ತ್ರಾಸೇ ಇಲ್ಲ."