ಹುಸೇನಪ್ಪನ ಎಂಟನೆಯ ಸುತ್ತು

ತಾನು ಹೇಳುವ ಇತಿಹಾಸವನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಹುಸೇನಪ್ಪನ ದೊಡ್ಡ ಕೊರಗು. ರಾಜರ ಇತಿಹಾಸವಲ್ಲ, ಗುಡಿಗುಂಡಾರದ್ದೂ ಅಲ್ಲ. ಸ್ಟೀಪಲ್‌ಚೇಸ್ ಎಂಬ ಓಟದ ಇತಿಹಾಸ.

ಗಂಗಾವತಿಯಿಂದ ಕನಕಗಿರಿ ಕಡೆಗೆ ಹೋಗುವ ದಾರಿಯ ಊರೊಂದರಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ ಅವನದು. ಎತ್ತಿದ ಗೇಟು ಇಳಿಸುವ ತನಕ ಬೇರೆ ಕೆಲಸವಿಲ್ಲ. ಹಾಗೆ ಕೂತು ಮೊಬೈಲು ತಿಕ್ಕುತ್ತಿದ್ದಾಗ ಒಂದು ಮಧ್ಯಾಹ್ನ ವಿಶ್ವ ಚಾಂಪಿಯನ್‌ಶಿಪ್ಪಿನ ಈ ಓಟ ಕಣ್ಣಿಗೆ ಬಿತ್ತು. ಮನುಷ್ಯರು ಜಿಂಕೆಗಳಾಗಿ ತೊಲೆ ಹಾರುತ್ತಿದ್ದರು, ಕಪ್ಪೆಗಳಾಗಿ ನೀರಿಗೆ ಬೀಳುತ್ತಿದ್ದರು, ಮತ್ತೆ ಮನುಷ್ಯರಾಗಿ ಎದ್ದು ಓಡುತ್ತಿದ್ದರು. ಅವತ್ತು ಬೆರಗಿನಿಂದ ಬಾಯಿ ತೆರೆದ ಹುಸೇನಪ್ಪ ಅದನ್ನು ಮುಚ್ಚಿದ್ದು ಮರುದಿನ (ನಡುವೆ ಎಷ್ಟು ಸೊಳ್ಳೆ ಒಳಗೆ ಹೋದವೋ, ಅವಕ್ಕೇ ಗೊತ್ತು). ಮುಚ್ಚಿ ಮತ್ತೆ ತೆರೆದದ್ದೇ ಇತಿಹಾಸ ಹೇಳಲಿಕ್ಕೆ.

ಕೈಗೆ ಸಿಗುವವಳು ಒಬ್ಬಳೇ, ಹೆಂಡತಿ ದುರುಗವ್ವ. ಅವಳು ರೊಟ್ಟಿ ಬಡಿಯುವಾಗ ಎದ್ದು ಹೋಗಲಾರಳು. ಅದೇ ಹೊತ್ತನ್ನು ಹುಸೇನಪ್ಪ ಹಿಡಿಯುತ್ತಿದ್ದ.

"ಬ್ಯಾರೆ ಓಟದಾಗಿನ ತೊಲಿ ಕಾಲು ತಾಗಿದ್ರ ತಾವ ಬೀಳತಾವ. ಇದ್ರಾಗಿನವು ಜಪ್ಪಯ್ಯ ಅಂದ್ರೂ ಅಲಗಾಡಂಗಿಲ್ಲ. ನಾವ ಬೀಳಬೇಕು."

"ನಿಮ್ಮವ್ವ ಇದ್ದಂಗ ಅನ್ರಿ."

(ಅವ್ವ ತೀರಿಕೊಂಡು ವರ್ಷಗಳಾಗಿದ್ದರೂ ಹುಸೇನಪ್ಪ ಅಭ್ಯಾಸಬಲದಿಂದ ಒಮ್ಮೆ ಹಿಂದೆ ತಿರುಗಿ ನೋಡಿದ.)

"ಮೊದಲು ಆ ಇಂಗ್ಲೆಂಡ್ ಕಡೆ ಕುದುರಿ ಮ್ಯಾಲೆ ಓಡ್ತಿದ್ರು. ಒಂದೂರಿನ ಚರ್ಚಿನ ಗೋಪುರದಿಂದ ಮುಂದಿನೂರಿನ ಗೋಪುರ ನೋಡ್ಕೋತ, ನಡುವ ಬೇಲಿ ಬರಲಿ ಹಳ್ಳ ಬರಲಿ, ಹಾರಿ! ಇಟಗಿ ಗುಡಿ ಶಿಖರದಿಂದ ಕುಕನೂರು ಗುಡಿ ಶಿಖರಕ್ಕ ಹೊಲದಾಗ ಹಾದು ಓಡಿದಂಗ."

"ಹೊಲದವ್ರು ಬಡಿಗಿ ತಗೊಂಡು ಬರಲಿಲ್ಲೇನ್ರಿ?"

"ಆಮ್ಯಾಲೆ ಕುದುರಿ ಬಿಟ್ಟು ತಾವ ಓಡಾಕ ಹತ್ತಿದ್ರು."

"ಕುದುರಿಗೆ ಬುದ್ಧಿ ಬಂತು."

"ಮೆಕ್ಸಿಕೊ ಒಲಿಂಪಿಕ್ಸ್‌ನ್ಯಾಗ ಕೀನ್ಯಾದವನೊಬ್ಬ ಏನು ಮಾಡಿದ ಗೊತ್ತೇನು? ಎಲ್ಲಾರೂ ನೀರಾಗ ದಬಕ್ ಅಂತ ಬಿದ್ರ, ಅಂವ ಪೂರ್ತಿ ಹೊಂಡಾನ ಹಾರಿ ಆ ಕಡೆ ಒಣಾ ನೆಲಕ್ಕ ಇಳದ! ಕಾಲು ತೋಯಿಸಿಕೊಳ್ಳದ ಗೆದ್ದ! ಅಲ್ಲಿಂದ ಮುಂದ ಹೋದ ಹೋದ ಒಲಿಂಪಿಕ್ಸ್‌ನ್ಯಾಗೆಲ್ಲ ಆ ಬಂಗಾರ ಅವರ ಮನೀದ ಆತು, ಐವತ್ತು ವರ್ಷದ ತನಕ. ಹೆಂಗಸರಿಗೆ ಮಾತ್ರ ಈ ಓಟ ನೂರು ವರ್ಷ ತಡಾ ಆಗಿ ಸಿಕ್ಕಿತು."

"ನೂರು ವರ್ಷ ಹೆಂಗಸರು ಏನು ಮಾಡ್ತಿದ್ರಂತ?"

"ಅದೇನು ಬರದಿಲ್ಲ."

"ನಾ ಹೇಳ್ತೀನಿ ಬರಕೋರಿ. ರೊಟ್ಟಿ ಬಡೀತಿದ್ರು."

ಆದರೆ ಹುಸೇನಪ್ಪನ ಪ್ರಾಣಪದಕ ಬೇರೆಯೇ ಇತ್ತು. ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಕಥೆ. ಅಲ್ಲಿ ಸುತ್ತು ಎಣಿಸುವವನು ಬೇರೆಲ್ಲೋ ನೋಡುತ್ತ ನಿಂತು ಲೆಕ್ಕ ತಪ್ಪಿಸಿದ. ಓಡುವವರೆಲ್ಲ ಒಂದು ಸುತ್ತು ಹೆಚ್ಚಿಗೆ ಓಡಿದರು. ಎರಡನೆಯವನಾಗಿ ಬರುತ್ತಿದ್ದ ಅಮೆರಿಕದವನು ಆ ಹೆಚ್ಚಿನ ಸುತ್ತಿನಲ್ಲಿ ಮೂರನೆಯವನಾದ. ಮತ್ತೆ ಓಡಿಸುತ್ತೇವೆ ಎಂದರೆ ಬೇಡ, ಆದದ್ದು ಆಯಿತು ಎಂದುಬಿಟ್ಟ.

"ಎಣಸೂದು ಬರದಂವ ಎಣಸಾಕ ಯಾಕ ಕುಂತ! ಲೋಕ ಎಲ್ಲ ನೋಡಾಕತ್ತಿತ್ತು!" ಎಂದು ಪ್ರತಿಸಲ ಹುಸೇನಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದ. ದುರುಗವ್ವ ನಗದೆ ರೊಟ್ಟಿ ಮಗುಚುತ್ತಿದ್ದಳು.

ಹೀಗಿರುವಾಗ ಊರಿನಲ್ಲಿ ರಾಜ್ಯೋತ್ಸವದ ಆಟೋಟ ಬಂತು. ಗಂಗಾವತಿಯ ಯಂತ್ರದಂಗಡಿಯ ರುದ್ರೇಶ ಹೆಂಗಸರ ಓಟಕ್ಕೆ ಬಹುಮಾನವೆಂದು ರೊಟ್ಟಿ ಮಾಡುವ ಯಂತ್ರವನ್ನೇ ಟಂಟಂ ಗಾಡಿಯಲ್ಲಿ ಹೇರಿ ತಂದು ನಿಲ್ಲಿಸಿದ. ಒಂದು ಕಡೆ ಹಿಟ್ಟಿನ ಮುದ್ದೆ ಇಟ್ಟರೆ ಇನ್ನೊಂದು ಕಡೆಯಿಂದ ಹುಣ್ಣಿಮೆಯ ಚಂದ್ರ ಹೊರಬೀಳುವ ಯಂತ್ರ. ಅದನ್ನು ಕಂಡ ದುರುಗವ್ವನ ಎರಡೂ ಮಣಿಕಟ್ಟುಗಳು ತಾವಾಗಿಯೇ ನಿಟ್ಟುಸಿರು ಬಿಟ್ಟವು. ಮದುವೆಯಾದಾಗಿನಿಂದ ಅವಳು ಬಡಿದ ರೊಟ್ಟಿಯನ್ನು ಸಾಲಾಗಿ ಹಾಸಿದರೆ ಕುಷ್ಟಗಿ ದಾಟಿ ಹೋಗುತ್ತಿತ್ತು.

"ಇದು ನನಗ ಬೇಕ್ರಿ," ಎಂದಳು. ಗಂಡನ ಹತ್ತಿರ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಯುವಕರು ನಿಂಬೆಹಣ್ಣು-ಚಮಚದ ಓಟ ಎಂದರು. ಹುಸೇನಪ್ಪ ಸಿಡಿದೆದ್ದು, "ನಮ್ಮ ಹೆಣ್ಮಕ್ಕಳಿಗೆ ಸ್ಟೀಪಲ್‌ಚೇಸ್ ಇಡ್ರಿ! ನಾ ನಿಂತು ಮಾಡಸ್ತೀನಿ!" ಎಂದು ಗುಡುಗಿದ. ಊರ ಮುಂದಿನ ಬಯಲಿನಲ್ಲಿ ಸುಣ್ಣದ ಗೆರೆ ಬಿತ್ತು. ಜಾಲಿಯ ತೊಲೆಗಳು ಅಡ್ಡ ನಿಂತವು. ಹೊಂಡ ತೋಡಿ, ಕಾಲುವೆಯಿಂದ ನೀರು ಬಿಟ್ಟು ತುಂಬಿಸಿದ್ದಾಯಿತು (ಗೇಟಿನ ಒಡೆಯನೇ ಇರುವಾಗ ನೀರಿಗೇನು ಬರ). ಏಳು ಸುತ್ತು ಎಂದು ಗೊತ್ತಾಯಿತು. ಸುತ್ತು ಎಣಿಸುವ ಕೆಲಸವನ್ನು ಹುಸೇನಪ್ಪ ಬೇರೆಯವರಿಗೆ ಬಿಡುವುದುಂಟೆ? ಕೊನೆಯ ಸುತ್ತಿಗೆ ಗಂಟೆ ಹೊಡೆಯಲು ಚಹಾದಂಗಡಿಯ ಮೆಹಬೂಬಸಾಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎದುರಿಗೆ ಬೆಣಚುಕಲ್ಲಿನ ಹಳ್ಳುಗಳ ಗುಂಪೆ ಹಾಕಿಕೊಂಡು ಕೂತ. ಸುತ್ತು ಮುಗಿದಂತೆ ಒಂದೊಂದೇ ಹಳ್ಳು ಎಡಗೈಗೆ.

ಓಟ ಶುರುವಾಯಿತು. ಸೀರೆ ಎತ್ತಿ ಕಟ್ಟಿದ ಹೆಂಗಸರು ತೊಲೆಗಳ ಮೇಲೆ ಹತ್ತಿ, ಕೂತು, ಒಂದಿಬ್ಬರು ಮಾತಾಡಿಕೊಂಡು ಇಳಿದರು. ದುರುಗವ್ವ ಮಾತ್ರ ನೆಲಕ್ಕೂ ತನಗೂ ಹಳೆಯ ಜಗಳವಿದ್ದಂತೆ ಹೋದಳು. ಹೊಂಡದ ಹತ್ತಿರ ಬಂದಳು. ಎಡಗಾಲನ್ನು ತೊಲೆಯ ನೆತ್ತಿಗೆ ಒತ್ತಿದಳು. ಹಾರಿದಳು.

ಹುಸೇನಪ್ಪನ ಬಾಯಿ ಎರಡನೆಯ ಬಾರಿ ತೆರೆಯಿತು. ತಲೆಯ ಮೇಲೆ ಭತ್ತದ ಸಸಿಯ ಕಟ್ಟು ಹೊತ್ತು, ವರ್ಷಗಟ್ಟಲೆ ಬದುವಿನಿಂದ ಬದುವಿಗೆ ಕಾಲುವೆ ದಾಟಿದ್ದ ಕಾಲುಗಳು ಅವು. ಗಾಳಿಯಲ್ಲಿ ಅವಳು ಎಷ್ಟು ಹೊತ್ತು ಇದ್ದಳೆಂದರೆ ಕೆಳಗಿನ ನೀರಿನಲ್ಲಿ ಅವಳ ನೆರಳಿಗೆ ಬೇಸರ ಬಂದು ಮುಂದೆ ಹೋಗಿ ಕಾಯುತ್ತ ನಿಂತಿತ್ತು. ಆಮೇಲೆ ಆ ಕಡೆ ಒಣ ನೆಲಕ್ಕೆ ಇಳಿದಳು.

"ಮೆಕ್ಸಿಕೊ!" ಎಂದ ಹುಸೇನಪ್ಪ. ಇಷ್ಟು ವರ್ಷ ಇಂಥದೊಂದು ಮನೆಯಲ್ಲೇ ಓಡಾಡುತ್ತಿದ್ದಾಗ ತಾನು ಮೊಬೈಲು ನೋಡುತ್ತಿದ್ದೆನಲ್ಲ ಎನಿಸಿ ಕಣ್ಣು ತುಂಬಿತು.

ಅದೇ ಭಕ್ತಿಯಲ್ಲಿ ಅವನ ಕೈ ಮೊದಲನೆಯ ಹಳ್ಳನ್ನು ಎತ್ತಿತು. ಕಣದಲ್ಲಿ ರಾಶಿ ಅಳೆಯುವವರು ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹುಸೇನಪ್ಪನ ಮನೆತನದಲ್ಲಿ ಆ ಲಾಭವನ್ನು ದೇವರಿಗೆಂದು ಬೇರೆ ತೆಗೆದಿಡುವ ಪದ್ಧತಿ. ಹುಟ್ಟಿದಾಗಿನಿಂದ ರೂಢಿಯಾದ ಬಾಯಿ "ಲಾಭ" ಎಂದಿತು. ಹುಟ್ಟಿದಾಗಿನಿಂದ ರೂಢಿಯಾದ ಕೈ ಹಳ್ಳನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಮೇಲುಜೇಬಿಗೆ ಇಳಿಸಿತು. ಎರಡರ ಮಾತೂ ತಲೆಗೆ ಹೋಗಲಿಲ್ಲ, ತಲೆ ಮೆಕ್ಸಿಕೊದಲ್ಲಿತ್ತು.

ಸುತ್ತು ಉರುಳಿದವು. ಆರು ಮುಗಿದಾಗ ದುರುಗವ್ವ ಒಂದು ಹೊಲದಷ್ಟು ಮುಂದಿದ್ದಳು.

"ಹುಸೇನಣ್ಣ, ಗಂಟಿ ಹೊಡೀಲೇನು?"

ಹುಸೇನಪ್ಪ ಎಡಗೈ ಬಿಚ್ಚಿ ನೋಡಿದ. "ತಡಿಯೋ, ಐದ ಅದಾವ. ಗಡಿಬಿಡಿ ಮಾಡಿ ಲಾಸ್ ಏಂಜಲೀಸ್ ಮಾಡಬ್ಯಾಡ."

ಏಳನೆಯದನ್ನು ದುರುಗವ್ವ ಇದ್ದಬದ್ದ ಉಸಿರೆಲ್ಲ ಹಾಕಿ ಮುಗಿಸಿ ಬಂದಳು. ಆಗ ಮೆಹಬೂಬಸಾಬ ಗಂಟೆ ಬಾರಿಸಿದ.

"ಮುಗೀತಲ್ರೀ!" ಎಂದು ಚೀರಿದಳು.

"ಇನ್ನೊಂದೈತಿ! ಓಡು! ಇತಿಹಾಸ ನೋಡಾಕತ್ತೈತಿ!"

ಅವಳು ಗಂಡನ ಮುಖ ನೋಡಿದಳು. ಆ ನೋಟಕ್ಕೆ ಜಾಲಿಯ ತೊಲೆಯಾದರೂ ಬೀಳಬೇಕಿತ್ತು. ನೋಡಿ, ಮತ್ತೆ ಓಡಿದಳು. ಆದರೆ ಕಾಲುಗಳಿಗೆ ಏಳೇ ಎಂದು ಹೇಳಿಟ್ಟಿದ್ದಳು. ಕೊನೆಯ ಹೊಂಡದಲ್ಲಿ ಎಡಗಾಲು ಜಾರಿ ದಬಕ್ಕನೆ ನೀರಿಗೆ ಬಿದ್ದಳು. ಮೊದಲಿನಿಂದಲೂ ಎಲೆಅಡಿಕೆ ಜಗಿಯುತ್ತ, ಎಲ್ಲೂ ನಿಲ್ಲದೆ ನಿಧಾನವಾಗಿ ಎರಡನೆಯವಳಾಗಿ ಬರುತ್ತಿದ್ದ ಪಕ್ಕದ ಮನೆಯ ವಿರೂಪಾಕ್ಷಮ್ಮ ಹೊಂಡದಲ್ಲಿ ಇಳಿದು, "ಹುಷಾರ್ರೀ ಅಕ್ಕಾ," ಎಂದು ದಾಟಿ, ಗೆರೆ ಮುಟ್ಟಿದಳು.

ಹುಸೇನಪ್ಪ ಓಡಿಹೋಗಿ, ಹೆಂಡತಿಯನ್ನು ಎಬ್ಬಿಸಲು ಹೊಂಡದ ಮೇಲೆ ಬಾಗಿದ. ಮೇಲುಜೇಬಿನಿಂದ ಹಳ್ಳು ಉರುಳಿ ನೀರಿಗೆ ಬಿತ್ತು. ಟುಪಕ್.

"ಅದ್ಯಾವ ಹಳ್ಳು, ಅಣ್ಣ?" ಎಂದ ಮೆಹಬೂಬಸಾಬ.

ಹುಸೇನಪ್ಪನ ತಲೆ ಈಗ ಮೆಕ್ಸಿಕೊದಿಂದ ಮರಳಿ ಬಂತು. "ಲಾಭ," ಎಂದ ಸಣ್ಣ ದನಿಯಲ್ಲಿ.

ಅರ್ಥವಾಗಲು ಊರಿಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಆಮೇಲೆ ಎದ್ದ ನಗೆಗೆ ಕಿನ್ನಾಳದ ಗೊಂಬೆಗಳೂ ತಿರುಗಿ ನೋಡಿರಬೇಕು. ರುದ್ರೇಶ ಪಾಪ, "ಅಕ್ಕಾರ, ನಾಳಿಗೆ ಮತ್ತೊಮ್ಮೆ ಓಡಸೋಣೇನ್ರಿ?" ಎಂದ.

ಮೊಳಕಾಲುದ್ದ ನೀರಿನಲ್ಲಿ ನಿಂತ ದುರುಗವ್ವ ಸೆರಗು ಹಿಂಡಿದಳು. "ಬ್ಯಾಡ್ರಿ. ಆ ಅಮೆರಿಕಾದವ ಏನಂದ? ಆಗಿದ್ದು ಆತು ಅಂದ. ಅಷ್ಟು ದೊಡ್ಡ ಇತಿಹಾಸ, ನಾ ಯಾಕ ಕೆಡಸಲಿ?"

ಹುಸೇನಪ್ಪ ಬೆರಗಾಗಿ ನಿಂತ. ಹಾಗಾದರೆ ಇವಳು ಎಲ್ಲವನ್ನೂ ಕೇಳುತ್ತಿದ್ದಳು! ಒಂದು ಮಾತೂ ಬಿಡದೆ! ಆ ಹೊಂಡದ ದಂಡೆಯ ಮೇಲೆ, ಊರೆಲ್ಲ ನಗುತ್ತಿರುವಾಗ, ಅವನಿಗೆ ಒಂದು ಗಳಿಗೆ ಬಂಗಾರದ ಪದಕ ಸಿಕ್ಕಷ್ಟು ಹಿಗ್ಗಾಯಿತು. ಒಂದೇ ಗಳಿಗೆ.

ಈಗ ಬೆಳಗಾದರೆ ವಿರೂಪಾಕ್ಷಮ್ಮನ ಮನೆಯಿಂದ ಯಂತ್ರದ ಗಿರಗಿರ ಸದ್ದು ಕೇಳುತ್ತದೆ. ಹುಸೇನಪ್ಪನ ಮನೆಯಿಂದ ರೊಟ್ಟಿ ಬಡಿಯುವ ಸದ್ದು. ಬಡಿಯುವವನು ಹುಸೇನಪ್ಪ. ದುರುಗವ್ವ ಗೋಡೆಗೊರಗಿ ಮೊಬೈಲಿನಲ್ಲಿ ಸ್ಟೀಪಲ್‌ಚೇಸ್ ನೋಡುತ್ತಾಳೆ. ಮೊದಲ ರೊಟ್ಟಿ ಬುಟ್ಟಿಗೆ ಬೀಳುವ ಮೊದಲೇ ಕೈಚಾಚಿ ತೆಗೆದು ಬೇರೆ ಇಡುತ್ತಾಳೆ.

"ಏಳಾದ್ವು, ಏಳಲೇನು?" ಎನ್ನುತ್ತಾನೆ ಹುಸೇನಪ್ಪ, ಮುಖದ ಹಿಟ್ಟು ಒರೆಸಿಕೊಳ್ಳುತ್ತ.

ದುರುಗವ್ವ ಬುಟ್ಟಿ ನೋಡಿ, ಮೊಬೈಲಿನಿಂದ ಕಣ್ಣು ಕೀಳದೆ ಹೇಳುತ್ತಾಳೆ:

"ಆರ ಅದಾವ್ರಿ. ಮೊದಲನೇದು ಲಾಭ. ಇನ್ನೊಂದು ಬಡೀರಿ, ಇತಿಹಾಸ ನೋಡಾಕತ್ತೈತಿ."