ತೊಟ್ಟಿ ಇನ್ನೂ ಇಳಿದಿಲ್ಲ

ಕೊಕ್ಕೆಯಲ್ಲಿ ಭಾರ ತೂಗುತ್ತಿರುವಾಗ ಕ್ರೇನ್ ಆಪರೇಟರ್ ತನ್ನ ಆಸನ ಬಿಟ್ಟು ಏಳತಕ್ಕದ್ದಲ್ಲ. ನೆಲದಲ್ಲಿ ನಿಂತ ಅಧಿಕೃತ ಸಿಗ್ನಲ್‌ಮ್ಯಾನ್‌ನ ಕೈಸನ್ನೆಯಿಲ್ಲದೆ ಆ ಭಾರವನ್ನು ಇಳಿಸತಕ್ಕದ್ದೂ ಅಲ್ಲ. ಇವೆರಡೂ ಜೀವ ಉಳಿಸುವ ನಿಯಮಗಳು. ಇವಕ್ಕೆ ಯಾರೂ ತಕರಾರು ತೆಗೆಯುವಂತಿಲ್ಲ, ಆಪರೇಟರನೂ ತೆಗೆದಿರಲಿಲ್ಲ. ಹಾಗಾಗಿ ಸುರಕ್ಷತಾ ಸಪ್ತಾಹದ ಮೊದಲ ದಿನ ಕ್ರೇನ್ ಹತ್ತಿದವನು ಮಳೆಗಾಲ ಮುಗಿದರೂ ಇಳಿದಿರಲಿಲ್ಲ.

ಆದದ್ದು ಇಷ್ಟೇ. ಅವನು ಉಕ್ಕಿನ ನೀರಿನ ತೊಟ್ಟಿಯೊಂದನ್ನು ಎತ್ತಿ ನಡು ಆಕಾಶದಲ್ಲಿ ನಿಲ್ಲಿಸಿದ್ದಾಗ, ಕೆಳಗೆ ಸನ್ನೆ ಮಾಡುತ್ತಿದ್ದ ಸಿಗ್ನಲ್‌ಮ್ಯಾನ್‌ಗೆ ಬಡ್ತಿ ಬಂತು. ಹಾರ ಹಾಕಿ, ಬಿಳಿ ಹೆಲ್ಮೆಟ್ ತೊಡಿಸಿ, ಸುರಕ್ಷತಾ ಅಧಿಕಾರಿ ಎಂದು ಕರೆದರು. ತೆರವಾದ ಜಾಗಕ್ಕೆ ಯಾರನ್ನೂ ಹಾಕಲಿಲ್ಲ.

"ಸಾರ್, ಒಂದ್ಸಲ ಬೆರಳು ಕೆಳಗೆ ತೋರ್ಸಿ ಸಾಕು, ಇಳಿಸ್ಬಿಡ್ತೀನಿ!" ಎಂದು ಆಪರೇಟರ್ ಮೇಲಿನ ಕಿಟಕಿಯಿಂದ ಕೂಗಿದ.

ಅಧಿಕಾರಿ ಧ್ವನಿವರ್ಧಕ ಎತ್ತಿಕೊಂಡರು. "ನೋಡಪ್ಪಾ, ನಿನ್ನೆವರೆಗೂ ಇದು ಸನ್ನೆ ಮಾಡೋ ಕೈ. ಇವತ್ತಿಂದ ಸಹಿ ಹಾಕೋ ಕೈ. ನಾನು ಬೆರಳು ತೋರ್ಸಿದ್ರೆ ಅದು ಅನಧಿಕೃತ ಸನ್ನೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು." ಬೆರಳು ತಪ್ಪಿಯೂ ಕೆಳಮುಖವಾಗದಿರಲೆಂದು ಅವರು ಇನ್ನೊಂದು ಕೈಯನ್ನು ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದರು.

ಊಟ ಹಗ್ಗದ ಬುಟ್ಟಿಯಲ್ಲಿ ಮೇಲೆ ಹೋಗತೊಡಗಿತು. ಕೊಕ್ಕೆ ಖಾಲಿಯಿಲ್ಲದ್ದರಿಂದ ಬೇರೆ ಯಾವ ಭಾರವನ್ನೂ ಎತ್ತಲಾಗಲಿಲ್ಲ. ಎತ್ತದ್ದರಿಂದ ಅಪಘಾತವೂ ಆಗಲಿಲ್ಲ. ಅಪಘಾತವಾಗದ್ದರಿಂದ ಸೈಟಿಗೆ ಸುರಕ್ಷತಾ ಪ್ರಶಸ್ತಿ ಬಂತು. ಅಧಿಕಾರಿ ಅದನ್ನು ಸ್ವೀಕರಿಸಿ, ಆಪರೇಟರನಿಗೆ ಕೆಳಗಿನಿಂದಲೇ ತೋರಿಸಿದರು.

ಪ್ರಶಸ್ತಿ ಯಾರಿಗೆ ಬೇಕಿತ್ತು? ಅವನಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ಟೈಲರ್. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಬೇಲಿಯ ಆಚೆ ನಿಲ್ಲುವಳು. ಮೇಲಿನಿಂದ ಗುಂಡುಸೂಜಿಯ ತಲೆಯಷ್ಟು ಕಾಣುವಳು. ಅಷ್ಟು ಕಂಡರೂ ಸಾಕೆಂದು ಅವನು ಮಧ್ಯಾಹ್ನದಿಂದಲೇ ಕಿಟಕಿಗೆ ಮುಖವಿಟ್ಟು ಕೂರುವನು.

"ಮದುವೆ ಶರ್ಟಿಗೆ ಅಳತೆ ಕೊಡೋಕಾದ್ರೂ ಇಳೀತೀರೋ ಇಲ್ವೋ?" ಎಂದು ಅವಳು ಒಂದು ಸಂಜೆ ಗದರಿದಳು.

"ಸಿಗ್ನಲ್‌ಮ್ಯಾನ್ ಇಲ್ಲ ಕಣೇ!"

"ಅದೇನು ಮಹಾ ವಿದ್ಯೆ? ನಾನೇ ಕಲೀತೀನಿ."

ಕಲಿತಳು. ಕತ್ತರಿಯಲ್ಲಿ ಪಳಗಿದ ಕೈ, ಎಲ್ಲ ಸನ್ನೆಗಳನ್ನೂ ತಪ್ಪಿಲ್ಲದೆ ಮಾಡಿ ಪರೀಕ್ಷೆ ಪಾಸಾದಳು. ಕಿತ್ತಳೆ ಬಣ್ಣದ ಜಾಕೆಟ್ಟು ಜೋಲುತ್ತಿತ್ತು, ಅದನ್ನೂ ತನ್ನ ಮೈಗೆ ಸರಿಯಾಗಿ ಹಿಡಿದು ಹೊಲಿದುಕೊಂಡಳು. ಉಳಿದದ್ದು ಒಂದೇ ನಿಯಮ: ಸನ್ನೆ ಮಾಡುವವರು ಆಪರೇಟರನ ಸಂಬಂಧಿಕರಾಗಿರಕೂಡದು, ಏಕೆಂದರೆ ಮಮತೆಯಿಂದ ಕೈ ನಡುಗುವ ಸಂಭವವಿರುತ್ತದೆ.

"ಮೇಲಿರೋನು ನಿಮಗೇನಾಗ್ಬೇಕಮ್ಮಾ?" ಎಂದು ಅಧಿಕಾರಿ ಕೇಳಿದರು.

ಅವಳು ಕತ್ತೆತ್ತಿ ನೋಡಿದಳು. "ಏನೂ ಆಗ್ಬೇಕಿಲ್ಲ ಸಾರ್. ಯಾರೋ ಏನೋ."

ಅಧಿಕಾರಿ ಧ್ವನಿವರ್ಧಕ ಆರಿಸಲು ಮರೆತಿದ್ದರು. ಮೇಲೆ ಆಪರೇಟರನ ಎದೆ ಧಸಕ್ಕೆಂದಿತು. ಆದರೆ ಅಷ್ಟರಲ್ಲಿ ಅವಳು ಅಂಗಳಕ್ಕೆ ಬಂದು, ತೋಳು ಚಾಚಿ, ತೋರುಬೆರಳನ್ನು ನೆಲದ ಕಡೆ ಮಾಡಿ ಮೆಲ್ಲಗೆ ಸುತ್ತಿಸಿದಳು. ಅವಳ ಕೈ ನಡುಗಲಿಲ್ಲ, ನಡುಗಿದ್ದು ಅವನದು. ನಿದ್ದೆಹೋದ ಮಗುವನ್ನು ಹಾಸಿಗೆಗೆ ಇಳಿಸುವಂತೆ ಅವನು ತೊಟ್ಟಿಯನ್ನು ಇಳಿಸಿದ, ಏಣಿ ಹಿಡಿದು ತಾನೂ ಇಳಿದ. ಇಬ್ಬರೂ ಗುರುತಿಲ್ಲದವರಂತೆ ಬೇರೆ ಬೇರೆ ಗೇಟುಗಳಿಂದ ಹೊರಗೆ ಹೋದರು.

ಮುಂದಿನ ಭಾನುವಾರ ಮದುವೆಯಾಯಿತು. ದಾಕ್ಷಿಣ್ಯದ ಸ್ವಭಾವದವನಾದ ಆಪರೇಟರ್ ಅಧಿಕಾರಿಯನ್ನೂ ಕರೆದಿದ್ದ. ಅವರು ಬಂದರು, ಹರಸಿದರು, ಎರಡನೇ ಸಲ ಬಡಿಸಿಕೊಂಡು ಉಂಡರು, ಮಾರನೇ ಬೆಳಿಗ್ಗೆ ಪ್ರಕಟಣೆ ಹೊರಡಿಸಿದರು:

"ಸನ್ನೆ ನೀಡಿದವರು ಆಪರೇಟರನ ಪತ್ನಿಯೆಂಬುದು ಊಟದ ವೇಳೆ ಗಮನಕ್ಕೆ ಬಂದಿರುವುದರಿಂದ ಸದರಿ ಸನ್ನೆಯನ್ನು ರದ್ದುಪಡಿಸಲಾಗಿದೆ. ಆದಕಾರಣ ತೊಟ್ಟಿ ಇಳಿದಿರುವುದಿಲ್ಲ. ತೊಟ್ಟಿ ಇಳಿಯದಿರುವುದರಿಂದ ಆಪರೇಟರನೂ ಇಳಿದಿರುವುದಿಲ್ಲ. ತೂಗುತ್ತಿರುವ ತೊಟ್ಟಿಯ ಕೆಳಗೆ ಯಾರೂ ನಿಲ್ಲಬಾರದಾಗಿ ಕೋರಿದೆ."

ಯಾರೂ ನಿಲ್ಲಲಿಲ್ಲ. ತೊಟ್ಟಿಯೇ ಅಲ್ಲಿ ಕೂತಿದ್ದರಿಂದ ನಿಲ್ಲಲು ಜಾಗವೂ ಇರಲಿಲ್ಲ. ಕೆಲಸದವರು ಅದನ್ನು ಸುತ್ತುಹಾಕಿ ಹೋಗುವಾಗ ಹೆಲ್ಮೆಟ್ ಹಿಡಿದುಕೊಂಡು ಆಕಾಶ ನೋಡುವುದನ್ನು ರೂಢಿಮಾಡಿಕೊಂಡರು.

ಆಪರೇಟರ್ ಅಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತ. "ಸಾರ್, ನಾನು ಇಲ್ಲೇ ಇದೀನಲ್ಲಾ."

ಅಧಿಕಾರಿ ಎದ್ದು, ಕಿಟಕಿಯ ಬಳಿ ಹೋಗಿ, ಧ್ವನಿವರ್ಧಕವನ್ನು ಮೇಲಕ್ಕೆ ಹಿಡಿದರು. "ಕೇಳಿಸ್ತಿದೆ, ಹೇಳಪ್ಪಾ!"

"ಹಾಗಾದ್ರೆ... ನನ್ನ ಹಾಜರಿ?"

"ಕೊಕ್ಕೇಲಿ ಭಾರ ಇರೋವರೆಗೂ ನೀನು ಡ್ಯೂಟೀಲೇ ಇದ್ದ ಹಾಗೆ! ಅಲ್ಲಿಂದ ಕದಲಬೇಡ!"

ಆಪರೇಟರ್ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಆಗ್ಲಿ ಸಾರ್, ಕದಲಲ್ಲ," ಎಂದು ಹೇಳಿ ಮನೆಗೆ ಹೋದ.

ಸಂಜೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, "ಏನಮ್ಮಾ, ಎಲ್ಲಿ ನಿಮ್ಮೆಜಮಾನ್ರು?" ಎಂದರು. ಟೈಲರ್, ಮದುವೆಗೆ ಆಗದೆ ಉಳಿದ ಶರ್ಟಿಗಾಗಿ ಗಂಡನ ಭುಜದ ಮೇಲೆ ಟೇಪು ಹಿಡಿದಿದ್ದಳು. ಒಂದು ಬೆರಳು ಬಿಡಿಸಿ ಸೂರಿನ ಕಡೆ ತೋರಿಸಿದಳು.

"ಮೇಲಿದ್ದಾರೆ, ಡ್ಯೂಟಿ."

ಪಕ್ಕದ ಮನೆಯಾಕೆ ಅವನನ್ನು ನೋಡಿದರು, ಸೂರನ್ನೂ ನೋಡಿದರು. "ಪಾಪ, ಬಿಸಿಲಲ್ಲಿ ಎಷ್ಟು ಕಷ್ಟವೋ ಏನೋ. ಇಳಿದ್ಮೇಲೆ ನಾನು ಕೇಳಿದೆ ಅಂತ ಹೇಳಿ."

"ಹೇಳ್ತೀವಿ ಬಿಡಿ," ಎಂದ ಆಪರೇಟರ್.